ಹದಿನಾರು ಸಲ ಹೆಸರು ಕೂಗಿದರೆ ಏಳುವ ಕಂಪ್ಯೂಟರ್

ಪಂಚಾಯಿತಿ ಕಚೇರಿಯಲ್ಲೋ ಶಾಲೆಯ ಲ್ಯಾಬಿನಲ್ಲೋ ಆಫ್ ಮಾಡಿಟ್ಟ ಕಂಪ್ಯೂಟರ್ ಇದ್ದರೆ ಒಮ್ಮೆ ಅದರ ಹಿಂಬದಿ ನೋಡಿ. ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದ ಜಾಗದಲ್ಲಿ ಪುಟ್ಟ ದೀಪವೊಂದು ಇನ್ನೂ ಮಿನುಗುತ್ತಿರಬಹುದು. ಯಂತ್ರ ಮಲಗಿದೆ, ಕಿವಿ ಮಾತ್ರ ತೆರೆದಿದೆ. ದೂರದಿಂದ ಕರೆದು ಅದನ್ನು ಎಬ್ಬಿಸುವ ಈ ವ್ಯವಸ್ಥೆಗೆ 'ವೇಕ್ ಆನ್ ಲ್ಯಾನ್' ಎಂದು ಹೆಸರು.

ಹಳೆಯ ಕಂಪ್ಯೂಟರುಗಳಿಗೆ ಇಂಥ ಕಿವಿ ಇರಲಿಲ್ಲ. ಸ್ವಿಚ್ ಆರಿಸಿದರೆ ಮನೆಯ ಬಲ್ಬಿನ ಹಾಗೆ ಕರೆಂಟ್ ಪೂರ್ತಿ ಬಂದ್. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ವಿನ್ಯಾಸ ತಂದ ಮೇಲೆ ಇದು ಬದಲಾಯಿತು. ಕಂಪ್ಯೂಟರ್ ಆಫ್ ಆದರೂ, ಪ್ಲಗ್ಗಿನಲ್ಲಿ ಕರೆಂಟ್ ಇರುವ ತನಕ 5 ವೋಲ್ಟಿನ ಸಣ್ಣ ಧಾರೆ ಒಳಗೆ ಹರಿಯುತ್ತಲೇ ಇರುತ್ತದೆ. ನೆಟ್‌ವರ್ಕ್ ಕಾರ್ಡ್ ಎಚ್ಚರವಾಗಿರಲು ಅಷ್ಟು ಸಾಕು.

ಅಮೆರಿಕದ ದೊಡ್ಡ ಕಚೇರಿಗಳಿಗೆ ಇದರ ಅಗತ್ಯ ಬಹಳ ಇತ್ತು. ನೂರಾರು ಕಂಪ್ಯೂಟರುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕೆಂದರೆ ಹಗಲು ಹೊತ್ತು ಸಿಬ್ಬಂದಿ ಕೆಲಸ ಬಿಟ್ಟುಕೊಡುವುದಿಲ್ಲ. ರಾತ್ರಿ ಮಾಡೋಣವೆಂದರೆ ಎಲ್ಲರೂ ಆಫ್ ಮಾಡಿ ಮನೆಗೆ ಹೋಗಿರುತ್ತಾರೆ. ರಾತ್ರಿಯಿಡೀ ಆನ್ ಬಿಟ್ಟರೆ ಕರೆಂಟ್ ದಂಡ. ಅದೇ 1995ರಲ್ಲಿ ಎಎಂಡಿ ಕಂಪನಿ ಎಚ್‌ಪಿ ಜೊತೆ ಸೇರಿ ಒಂದು ಉಪಾಯ ಮುಂದಿಟ್ಟಿತು. ಹೆಸರು 'ಮ್ಯಾಜಿಕ್ ಪ್ಯಾಕೆಟ್'. 1997ರಲ್ಲಿ ಐಬಿಎಂ ಮತ್ತು ಇಂಟೆಲ್ ಒಟ್ಟಾಗಿ ವೇಕ್ ಆನ್ ಲ್ಯಾನ್ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ಒಯ್ದವು.

ಹೆಸರಿನಲ್ಲಿ ಮ್ಯಾಜಿಕ್ ಇದ್ದರೂ ಒಳಗಿರುವುದು ಬಹಳ ಸರಳ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಮ್ಯಾಕ್ ವಿಳಾಸ ಎಂಬ ಸಂಖ್ಯೆ ಕೊಟ್ಟಿರುತ್ತಾರೆ, 6 ಬೈಟ್ ಉದ್ದದ್ದು. ಕರೆಯುವವರು ಮೊದಲು 'ಎಫ್‌ಎಫ್' ಎಂಬ ಸಂಕೇತವನ್ನು 6 ಸಲ ಕಳಿಸಬೇಕು. ಅದು 'ಏಯ್, ಇಲ್ಲಿ ಕೇಳು' ಅಂದ ಹಾಗೆ. ಆಮೇಲೆ ಆ ಯಂತ್ರದ ವಿಳಾಸವನ್ನು 16 ಸಲ ಹೇಳಬೇಕು. ಒಟ್ಟು 102 ಬೈಟ್, ಒಂದು ಎಸ್ಸೆಮ್ಮೆಸ್ಸಿಗಿಂತ ಚಿಕ್ಕದು.

16 ಸಲ ಯಾಕೆ? ನೆಟ್‌ವರ್ಕಿನಲ್ಲಿ ಓಡಾಡುವ ಮಾಮೂಲಿ ಸಂದೇಶಗಳಲ್ಲೂ ವಿಳಾಸ ಇದ್ದೇ ಇರುತ್ತದೆ. ಒಂದು ಸಲಕ್ಕೇ ಎದ್ದರೆ ಕಂಪ್ಯೂಟರ್ ಸುಮ್ಮಸುಮ್ಮನೆ ಎಚ್ಚರವಾಗುತ್ತಿರುತ್ತದೆ. ಒಂದರ ಹಿಂದೆ ಒಂದು 16 ಸಲ ಅದೇ ಹೆಸರು ತಾನಾಗಿ ಬರುವ ಸಂಭವ ಇಲ್ಲವೆಂದೇ ಹೇಳಬೇಕು. ಮಲಗಿದ ಕಾರ್ಡಿಗೆ ಬುದ್ಧಿ ಬೇಕಿಲ್ಲ, ಎಣಿಸಲು ಬಂದರೆ ಆಯಿತು. ಇದನ್ನು ಯೋಚಿಸಿದವರಿಗೆ ಶಹಭಾಸ್ ಅನ್ನಲೇಬೇಕು.

ಕರೆ ಕಳಿಸುವ ಸಾಧನವೂ ಪುಟ್ಟದು. ಲಿನಕ್ಸಿಗೆ ಎಷ್ಟೋ ನೆಟ್‌ವರ್ಕ್ ಡ್ರೈವರುಗಳನ್ನು ಬರೆದ ಡೊನಾಲ್ಡ್ ಬೆಕರ್, 'ಈಥರ್-ವೇಕ್' ಎಂಬ ಚಿಕ್ಕ ಪ್ರೋಗ್ರಾಂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ನಾಸಾದಲ್ಲಿದ್ದಾಗ, 1994ರಲ್ಲಿ, ಸಾಮಾನ್ಯ ಪಿಸಿಗಳನ್ನು ಜೋಡಿಸಿ ಅಗ್ಗದ ಸೂಪರ್‌ಕಂಪ್ಯೂಟರ್ ಕಟ್ಟಿದ ಇಬ್ಬರಲ್ಲಿ ಇವರೂ ಒಬ್ಬರು.

ಮೊಬೈಲಿನಿಂದ ಪಂಪ್‌ಸೆಟ್ ಚಾಲೂ ಮಾಡುವ ರೈತರಿಗೆ ಇದೆಲ್ಲ ಹೊಸದೇನಲ್ಲ ಅನ್ನಿಸಬಹುದು. ಆದರೆ ಅಂಥ ಎಷ್ಟೋ ಸ್ಟಾರ್ಟರುಗಳು ನೋಂದಾಯಿಸಿದ ನಂಬರಿನಿಂದ ಕರೆ ಬಂದರೆ ಮಾತ್ರ ಮೋಟಾರ್ ಎಬ್ಬಿಸುತ್ತವೆ. ಮ್ಯಾಜಿಕ್ ಪ್ಯಾಕೆಟ್ ವಿಷಯ ಹಾಗಿಲ್ಲ. ಕರೆದವರು ಯಾರು ಎಂದು ಕಾರ್ಡ್ ಕೇಳುವುದೇ ಇಲ್ಲ. 'ಸೆಕ್ಯೂರ್ ಆನ್' ಎಂಬ ಪಾಸ್‌ವರ್ಡ್ ಸೌಲಭ್ಯ ಕೆಲವು ಕಾರ್ಡುಗಳಲ್ಲಿ ಇದೆ, ಅದೂ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಒಂದೇ ಕಚೇರಿಯ ಒಳಗಿನ ನೆಟ್‌ವರ್ಕ್ ತಾನೇ, ಎಲ್ಲರೂ ನಮ್ಮವರೇ ಎಂಬ 1990ರ ದಶಕದ ನಂಬಿಕೆ ಅದರಲ್ಲಿ ಕಾಣುತ್ತದೆ.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 'ರ್‍ಯೂಕ್' ಎಂಬ ಕುತಂತ್ರಾಂಶದಿಂದ. ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳುವ ಪೈಕಿ ಅದು. ಒಂದು ಕಂಪ್ಯೂಟರಿಗೆ ಹೊಕ್ಕರೆ, ಆ ಯಂತ್ರ ಹಿಂದೆ ಯಾವ ಯಂತ್ರಗಳ ಜೊತೆ ಮಾತಾಡಿತ್ತೆಂಬ ಪಟ್ಟಿ ತೆಗೆದು, ಒಂದೊಂದಕ್ಕೂ ಮ್ಯಾಜಿಕ್ ಪ್ಯಾಕೆಟ್ ಕಳಿಸುತ್ತಿತ್ತು. ಆಫ್ ಮಾಡಿದ್ದರಿಂದ ಬಚಾವಾಗಬಹುದಾಗಿದ್ದ ಕಂಪ್ಯೂಟರುಗಳನ್ನೂ ಎಬ್ಬಿಸಿ, ಅವುಗಳ ಕಡತಗಳಿಗೂ ಬೀಗ ಹಾಕಲು ನೋಡುತ್ತಿತ್ತು. ಭದ್ರತಾ ತಜ್ಞರು ಇದನ್ನು ಬಯಲಿಗೆಳೆದದ್ದು 2020ರ ಜನವರಿಯಲ್ಲಿ. ಕಚೇರಿಯ ನಿರ್ವಹಣೆ ನೋಡುವ ಯಂತ್ರಗಳಿಂದ ಮಾತ್ರ ಇಂಥ ಕರೆ ಬರುವಂತೆ ನೆಟ್‌ವರ್ಕಿನಲ್ಲಿ ಕಟ್ಟು ಹಾಕಿ ಎಂಬುದು ಅವರು ಕೊಟ್ಟ ಸಲಹೆ. ಈ ಸೌಲಭ್ಯ ಬೇಡವೇ ಬೇಡ ಅನ್ನುವವರು ಬಯಾಸ್ ಸೆಟ್ಟಿಂಗಿಗೆ ಹೋಗಿ ಅದನ್ನು ಆಫ್ ಮಾಡಿಕೊಳ್ಳಬಹುದು.