ಶಿಲುಬೆಗೆ ಮುತ್ತಿ



ಶುಭಶುಕ್ರವಾರದಂದು ಶಿಲುಬೆಗೆ ಮುತ್ತಿಡಲು ಸಾಲು ನಿಂತಾಗ, ಮಾರ್ಟಳ್ಳಿ ಕಡೆಯ ತಮಿಳು ಮನೆಮಾತಿನ ಹಿರಿಯರು 'ಮುತ್ತಿ ಮಾಡಬೇಕು' ಎನ್ನುವುದುಂಟು. ಕನ್ನಡ ಮಕ್ಕಳಿಗೆ ನಗು. ಅವರ ಕಿವಿಗೆ ಮುತ್ತಿ ಎಂದರೆ ನೊಣ ಮುತ್ತಿದ್ದು, ಕೋಟೆಗೆ ಮುತ್ತಿಗೆ ಹಾಕಿದ್ದು. (ಆ ದಿನದ ನಮ್ಮ ನೂಕುನುಗ್ಗಲು ನೋಡಿದರೆ ಈ ಅರ್ಥವೂ ಪೂರ್ತಿ ತಪ್ಪಲ್ಲ!) ಇನ್ನು ಕೆಲವರು 'ಮುಕ್ತಿ'ಯೇ ಹೀಗೆ ಸವೆದಿದೆ ಎಂದುಕೊಳ್ಳುತ್ತಾರೆ. ತಮಿಳಿನಲ್ಲಿ ಮುಕ್ತಿಯು ಮುತ್ತಿ ಆಗುವುದು ನಿಜ, ಆದರೆ ಅದು ಬೇರೆ ಪದ. ನಾವು ಹೇಳುತ್ತಿರುವ ಮುತ್ತಿ ತಮಿಳಿನ 'ಮುತ್ತಂ', ಕನ್ನಡದ 'ಮುತ್ತು' ಇವುಗಳ ಒಡಹುಟ್ಟು. ತಾಯಿ ಮಗುವಿಗೆ ಕೊಡುವುದು ಮುತ್ತಂ. ಭಕ್ತರು ಶಿಲುಬೆಗೆ ಸಲ್ಲಿಸುವುದು ಮುತ್ತಿ. ಕನ್ನಡದಲ್ಲಿ ನಾವು ಎರಡಕ್ಕೂ ಮುತ್ತು ಎಂದೇ ಅನ್ನುತ್ತೇವೆ. ತಮಿಳು ಕಥೋಲಿಕರು ದೇವಾಲಯಕ್ಕೆಂದೇ ಒಂದು ಮಾತನ್ನು ಕಾದಿರಿಸಿಕೊಂಡರು.

ಅದು ನಮ್ಮ ಸೀಮೆಯಲ್ಲಿ ಕೇಳಿಬರುವುದು ಆಶ್ಚರ್ಯವೇನಲ್ಲ. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಪಕ್ಕದ ಕೊಳ್ಳೇಗಾಲ, ಹನೂರುಗಳಾದರೋ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಗಡಿಗೆರೆ ಬದಲಾದರೂ ಜಪ, ಹಾಡುಗಳ ಭಾಷೆ ಮನೆಗಳಲ್ಲಿ ಉಳಿಯಿತು. ಆದ್ದರಿಂದ ಅಜ್ಜಿ 'ಮುತ್ತಿ' ಎಂದಾಗ 'ಅದು ತಪ್ಪು, ಆರಾಧನೆ ಅನ್ನಿ' ಎಂದು ಮೊಮ್ಮಕ್ಕಳು ತಿದ್ದುವುದು ನಮಗೆ ಸರಿ ಕಾಣದು. ಆರಾಧನೆಗೂ ಮುತ್ತಿಗೂ ಹಳೆಯ ನಂಟಿದೆ. ಜ್ಞಾನಿಗಳು ಬಾಲಯೇಸುವಿಗೆ ಅಡ್ಡಬಿದ್ದರು ಎಂಬಲ್ಲಿ ಸಂತ ಮತ್ತಾಯರು ಬಳಸಿರುವ ಗ್ರೀಕ್ ಪದ 'ಪ್ರೊಸ್ಕುನೇಯೊ'. ಅದರೊಳಗಿನ 'ಕುನೇಯೊ' ಎಂದರೆ ಮುತ್ತಿಡು ಎಂದೇ ಅರ್ಥ.

4ನೇ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಎಜೀರಿಯ ಎಂಬಾಕೆ ಅಲ್ಲಿನ ಶುಭಶುಕ್ರವಾರವನ್ನು ಬರೆದಿಟ್ಟಿದ್ದಾಳೆ. ಧರ್ಮಾಧ್ಯಕ್ಷರು ಶಿಲುಬೆಯ ಮರವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂರುತ್ತಿದ್ದರು, ಸುತ್ತಲೂ ಉಪಯಾಜಕರ ಕಾವಲು. ಏಕೆ? ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಮರದ ಚೂರನ್ನೇ ಕಚ್ಚಿಕೊಂಡು ಹೋಗಿದ್ದರಂತೆ! ಭಕ್ತರು ಮರಕ್ಕೆ ಕೈ ತಾಗಿಸುವಂತಿರಲಿಲ್ಲ. ಬಾಗಿ, ಮೊದಲು ಹಣೆಯನ್ನು, ಆಮೇಲೆ ಕಣ್ಣುಗಳನ್ನು ಸೋಕಿಸಿ, ಮುತ್ತಿಟ್ಟು ಮುಂದೆ ಸಾಗುತ್ತಿದ್ದರು.

ಕೋವಿಡ್ ಬಂದ 2020ರಲ್ಲಿ ರೋಮಿನ ಆಜ್ಞೆಯಂತೆ ಆ ಮುತ್ತು ಪೂಜೆ ನಡೆಸುವ ಗುರುವಿಗೆ ಮಾತ್ರ ಉಳಿಯಿತು. ಅಂದಿನಿಂದ ಕೆಲವರು ತುಟಿ ತಾಗಿಸಲು ಹಿಂಜರಿದು, ಬೆರಳಿನಿಂದ ಶಿಲುಬೆ ಮುಟ್ಟಿ ಕಣ್ಣಿಗೊತ್ತಿಕೊಂಡು ಸರಿಯುತ್ತಾರೆ. ಅವರಲ್ಲೂ ಹಿರಿಯರು ಮನೆಗೆ ಹೋಗಿ ಹೇಳುವುದು ಮಾತ್ರ, 'ಮುತ್ತಿ ಆಯಿತು' ಎಂದೇ.