ಗುಂಪಿಗೊಂದು ಮಿತಿ: ಬೆಂಗಳೂರಿನ ಒಂದು ಹೊಸ ಶಾಸನ

ಗೋವೆಯ ಕದಂಬರ ಕನ್ನಡ ಶಾಸನಗಳನ್ನು ಓದುವಾಗ ನಾವು ಮೊದಲು ಹುಡುಕುವುದು ಹೆಸರು ಮತ್ತು ಕಾಲವನ್ನು. ಅವೆರಡು ಸವೆದುಹೋಗಿದ್ದರೆ ಉಳಿದ ಸಾಲುಗಳಿಂದ ಇತಿಹಾಸಕಾರನಿಗೆ ದೊರೆಯುವುದು ಅತ್ಯಲ್ಪ. ನಮ್ಮ ಕಾಲದ ಶಾಸನಗಳಲ್ಲಿ ಕೆಲವು ಕಲ್ಲಿನ ಮೇಲೆ ಇಲ್ಲ. ಜಗತ್ತಿನ ಬಹುಪಾಲು ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೂಲ ಕಡತಗಳಲ್ಲಿ ಮೆಮೊರಿಯ ಹತೋಟಿಗೆ ಸಂಬಂಧಿಸಿದ ಕಡತವೊಂದಿದೆ. ಅದರ ತಲೆಬರಹದಲ್ಲಿ ಐಬಿಎಂ ಸಂಸ್ಥೆಯ ಹೆಸರು, 2007 ಎಂಬ ವರ್ಷ, ಬಲಬೀರ್ ಸಿಂಗ್ ಎಂಬ ಕರ್ತೃನಾಮ ಇವೆ. ಅದರ ಕೆಳಗೆ ಅದೇ ವರ್ಷದೊಂದಿಗೆ ರಷ್ಯದ ಪಾವೆಲ್ ಎಮೆಲ್ಯಾನೊವ್ ಅವರ ಹೆಸರಿದೆ. ಸಿಂಗ್ ಅವರು ಆಗ ಐಬಿಎಂನ ಬೆಂಗಳೂರು ಲಿನಕ್ಸ್ ಕೇಂದ್ರದಲ್ಲಿದ್ದರು. ಕರ್ನಾಟಕದ ನೆಲದಲ್ಲಿ ರೂಪುಗೊಂಡು ಲೋಕವೆಲ್ಲ ಬಳಸುತ್ತಿರುವ ಈ ಕಟ್ಟಳೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿಡುವುದು ಅಗತ್ಯವೆಂದು ನನ್ನ ಭಾವನೆ.

ಸಮಸ್ಯೆ ಮಾತ್ರ ಬೆಂಗಳೂರಿಗಿಂತ ಬಹಳ ಹಳೆಯದು. ಗಣಕದ ಮೆಮೊರಿ ಎಂದೂ ಸಾಕಾದದ್ದಿಲ್ಲ. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರವು ಸಣ್ಣ ಮೆಮೊರಿ ಮತ್ತು ತಿರುಗುವ ಡ್ರಮ್ಮು ಎರಡನ್ನೂ ಒಂದೇ ದೊಡ್ಡ ಉಗ್ರಾಣವೆಂಬಂತೆ ತೋರಿಸುವ ಉಪಾಯವನ್ನು ಜಾರಿಗೆ ತಂದಿತು. ಒಂದೇ ಯಂತ್ರದಲ್ಲಿ ಹಲವು ಕೆಲಸಗಳು ಜೊತೆಗೆ ನಡೆಯತೊಡಗಿದಾಗ ಹೊಸ ವ್ಯಾಧಿ ಹುಟ್ಟಿತು. ಪ್ರತಿಯೊಂದು ಕೆಲಸವೂ ಇನ್ನೊಂದರ ಪುಟಗಳನ್ನು ಹೊರಗೆ ತಳ್ಳುವುದು, ಅದು ಮತ್ತೆ ಅವನ್ನು ಒಳಗೆ ತರಿಸುವುದು. ಹೀಗೆ ಯಂತ್ರದ ಹೊತ್ತೆಲ್ಲ ಸಾಗಣೆಯಲ್ಲೇ ಕಳೆದು ನಿಜವಾದ ಕೆಲಸ ನಿಂತುಹೋಗುತ್ತಿತ್ತು. 1968ರಲ್ಲಿ ಪೀಟರ್ ಡೆನ್ನಿಂಗ್ ಈ ವ್ಯಾಧಿಯ ಕಾರಣವನ್ನು ವಿವರಿಸಿ, ಒಂದು ಕೆಲಸಕ್ಕೆ ಆ ಹೊತ್ತಿನಲ್ಲಿ ನಿಜವಾಗಿ ಬೇಕಾಗುವ ಪುಟಗಳ ಸಮೂಹವೆಷ್ಟು ಎಂದು ಅಳೆಯುವ ದಾರಿಯನ್ನು ತೋರಿಸಿದರು.

1983ರ ಬರ್ಕ್ಲಿ ಯುನಿಕ್ಸ್‌ನಲ್ಲಿ ಒಂದೊಂದು ಪ್ರೋಸೆಸ್‌ಗೂ ಮಿತಿ ಹಾಕುವ ಅನುಕೂಲ ಬಂದಿತು. ಆದರೆ ಪ್ರೋಸೆಸ್ ಮರಿ ಹಾಕುತ್ತದೆ. ಒಂದಕ್ಕೆ ಇಷ್ಟೇ ಎಂದು ವಿಧಿಸಿದರೆ ಅದು ನೂರು ಮರಿಗಳನ್ನು ಹುಟ್ಟಿಸಿ, ಒಂದೊಂದೂ ತನ್ನ ಮಿತಿಯೊಳಗೇ ಇದ್ದು, ಎಲ್ಲವೂ ಕೂಡಿ ಯಂತ್ರವನ್ನೇ ನುಂಗಬಲ್ಲದು. ಲೆಕ್ಕ ಇಡಬೇಕಾದುದು ವ್ಯಕ್ತಿಗಲ್ಲ, ಕುಟುಂಬಕ್ಕೆ. ಇದನ್ನು ಗೋವೆಯವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. 1526ರಲ್ಲಿ ಅಫೊನ್ಸೊ ಮೆಶಿಯಾ ಇಲ್ಲಿಯ ಗಾಂವಕಾರಿ ಪದ್ಧತಿಯನ್ನು ದಾಖಲಿಸಿದಾಗ ಕಂದಾಯದ ಹೊಣೆ ಇದ್ದದ್ದು ಇಡೀ ಗ್ರಾಮಸಮುದಾಯದ ಮೇಲೆ. ಒಳಗೆ ಯಾರು ಎಷ್ಟು ಹೊರಬೇಕೆಂಬುದನ್ನು ಗಾಂವಕಾರರೇ ನಿರ್ಧರಿಸಿಕೊಳ್ಳುತ್ತಿದ್ದರು.

ಲಿನಕ್ಸ್‌ನಲ್ಲಿ ಗುಂಪನ್ನು ಗುರುತಿಸುವ ಚೌಕಟ್ಟನ್ನು 2006ರ ಸುಮಾರಿಗೆ ಕಟ್ಟತೊಡಗಿದವರು ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್. ಮೊದಲು ಇಟ್ಟ ‘ಕಂಟೇನರ್’ ಎಂಬ ಹೆಸರಿಗೆ ಆಗಲೇ ಹಲವು ಅರ್ಥಗಳಿದ್ದುದರಿಂದ ಅದನ್ನು ‘ಕಂಟ್ರೋಲ್ ಗ್ರೂಪ್’ ಎಂದು ಬದಲಿಸಲಾಯಿತು. ಅದು 2008ರ ಜನವರಿಯಲ್ಲಿ ಹೊರಬಂದ 2.6.24ನೆಯ ಆವೃತ್ತಿಯಲ್ಲಿ ಸೇರಿತು. ಚೌಕಟ್ಟೇನೋ ಆಯಿತು, ಅದರೊಳಗೆ ಮೆಮೊರಿಯನ್ನು ಅಳೆಯುವ ಕೊಳಗ ಇನ್ನೂ ಬೇಕಾಗಿತ್ತು. 2007ರಲ್ಲಿ ಅಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಬಲಬೀರ್ ಸಿಂಗ್ ಮತ್ತು ವೈದ್ಯನಾಥನ್ ಶ್ರೀನಿವಾಸನ್ ಅದರ ತೊಡಕುಗಳನ್ನು ಕುರಿತ ಪ್ರಬಂಧವನ್ನು ಮಂಡಿಸಿದರು. 2008ರ ಏಪ್ರಿಲ್‌ನಲ್ಲಿ, 2.6.25ನೆಯ ಆವೃತ್ತಿಯೊಂದಿಗೆ ಆ ಕೊಳಗವೂ ಲೋಕದ ಕೈಸೇರಿತು.

ತೊಡಕುಗಳು ನಿಜಕ್ಕೂ ಸ್ವಾರಸ್ಯಕರವಾದವು. ಪ್ರೋಸೆಸ್ ತನಗೆಂದು ಪಡೆದ ಪುಟಗಳನ್ನು ಲೆಕ್ಕಕ್ಕೆ ಹಿಡಿಯುವುದು ಸುಲಭ. ಆದರೆ ಅದು ಓದಿದ ಕಡತಗಳ ನಕಲನ್ನು ಕರ್ನಲ್ ತಾನಾಗಿ ಮೆಮೊರಿಯಲ್ಲಿ ಇರಿಸಿಕೊಳ್ಳುತ್ತದೆ. ಅದನ್ನು ಬಿಟ್ಟರೆ ಬರೀ ಕಡತಗಳನ್ನು ಓದುತ್ತಲೇ ಒಂದು ಗುಂಪು ಉಳಿದವರ ಜಾಗವನ್ನು ಕಬಳಿಸಬಲ್ಲದು. ಆದ್ದರಿಂದ ಅದನ್ನೂ ಲೆಕ್ಕಕ್ಕೆ ಸೇರಿಸಿದರು. ಒಂದೇ ಪುಟವನ್ನು ಎರಡು ಗುಂಪುಗಳು ಬಳಸಿದರೆ ಯಾರ ತಲೆಗೆ? ಅರ್ಧರ್ಧ ಹಂಚುವುದು ನ್ಯಾಯವೆನಿಸಿದರೂ ಪ್ರತಿ ಪುಟದ ಪಾಲುದಾರರ ಪಟ್ಟಿಯನ್ನು ಇಡುವ ಖರ್ಚನ್ನು ಯಾರೂ ತಾಳರು. ಮೊದಲು ಮುಟ್ಟಿದವರ ಖಾತೆಗೆ ಎಂಬ ನಿಯಮ ಮಾಡಿದರು. ಆ ಗುಂಪು ಅದನ್ನು ಬಿಟ್ಟ ಮೇಲೆ, ಹೆಚ್ಚು ಬಳಸುವವರ ಖಾತೆಗೇ ಅದು ಎಂದಾದರೂ ಬಂದು ಬೀಳುತ್ತದೆಂಬುದು ಅವರ ವಾದ. ನನಗೆ ಇದು ಪೂರ್ಣ ನ್ಯಾಯವೆನಿಸುವುದಿಲ್ಲ. ಆದರೆ ನಡೆಯಬಲ್ಲ ನ್ಯಾಯ. ಮಿತಿ ಮೀರಿದಾಗ ಏನು ಮಾಡುವುದೆಂಬುದಕ್ಕೆ ಕೊಟ್ಟ ಉತ್ತರವೇ ಇಡೀ ಯೋಜನೆಯ ತಿರುಳು. ಆ ಗುಂಪಿನದೇ ಹಳೆಯ ಪುಟಗಳನ್ನು ಮೊದಲು ಹೊರಹಾಕಬೇಕು. ಅದಕ್ಕಾಗಿ ಪ್ರತಿ ಗುಂಪಿಗೂ ಅದರದೇ ಆದ ಪುಟಗಳ ಪಟ್ಟಿ. ಅಷ್ಟಕ್ಕೂ ಸಾಲದಿದ್ದರೆ ಆ ಗುಂಪಿನೊಳಗಿನ ಪ್ರೋಸೆಸ್ ಒಂದನ್ನೇ ಕೊಲ್ಲಬೇಕು. ನೆರೆಮನೆಯವನ ದುಂದುಗಾರಿಕೆಗೆ ನಿರಪರಾಧಿಯ ತಲೆ ಹೋಗುವುದು ಇದರಿಂದ ತಪ್ಪಿತು.

ಲೆಕ್ಕ ಬರೆಯಲೂ ಜಾಗ ಬೇಕಲ್ಲವೆ? 4096 ಬೈಟುಗಳ ಒಂದೊಂದು ಪುಟಕ್ಕೆ 64 ಬಿಟ್ ಯಂತ್ರಗಳಲ್ಲಿ 40 ಬೈಟುಗಳ ಚೀಟಿ ಬೇಕಾಯಿತು. ಅಂದರೆ ನೂರಕ್ಕೆ ಸುಮಾರು ಒಂದರಷ್ಟು ಮೆಮೊರಿ ಶಾನುಭೋಗರ ಕಡತಕ್ಕೇ ಮೀಸಲು! ಈ ಹೊರೆಯನ್ನು ಇಳಿಸುವಲ್ಲಿ ಯೋಹಾನೆಸ್ ವೈನರ್ ಅವರ ಶ್ರಮ ದೊಡ್ಡದು. 2012ರಲ್ಲಿ ಎರಡೆರಡು ಪಟ್ಟಿಗಳು ಒಂದಾದವು. 2015ರ ಆರಂಭದ 3.19ನೆಯ ಆವೃತ್ತಿಯಲ್ಲಿ ಆ ಪ್ರತ್ಯೇಕ ಚೀಟಿಯೇ ಹೋಯಿತು.

ಅಷ್ಟರಲ್ಲಿ ಡಾಕರ್, ಕುಬರ್ನೆಟಿಸ್ ಮುಂತಾದವು ಬಂದು ಈ ಗುಂಪುಗಳು ದೊಡ್ಡ ವ್ಯಾಪಾರದ ಅಡಿಗಲ್ಲಾಗಿದ್ದವು. ಒಂದೇ ಕಠಿಣ ಗೆರೆ ಸಾಲದೆಂಬುದು ಅನುಭವದಿಂದ ಗೊತ್ತಾಯಿತು. 2016ರಲ್ಲಿ ಸ್ಥಿರಗೊಂಡ ಎರಡನೆಯ ರೂಪದಲ್ಲಿ ಗೆರೆಗಳು ಹಲವು. ಎಲ್ಲಕ್ಕಿಂತ ಮೇಲಿನದು ದಾಟಲಾಗದ ಮಿತಿ. ಅದರ ಕೆಳಗಿನ ಗೆರೆಯನ್ನು ದಾಟಿದ ಗುಂಪನ್ನು ಕೊಲ್ಲುವುದಿಲ್ಲ. ನೀರುಗಂಟಿಯು ತೂಬನ್ನು ಪೂರ್ತಿ ಮುಚ್ಚದೆ ಹರಿವನ್ನು ತಗ್ಗಿಸುವಂತೆ ಅದರ ವೇಗವನ್ನು ಕುಗ್ಗಿಸಲಾಗುತ್ತದೆ. ಇನ್ನೂ ಕೆಳಗಿನದು ಸಾಧ್ಯವಾದಷ್ಟು ಕಾಪಾಡುವ ಪಾಲು. ಎಂತಹ ಬರದಲ್ಲೂ ಕಿತ್ತುಕೊಳ್ಳಲಾಗದ ಪಾಲು 2018ರಲ್ಲಿ ಸೇರಿತು. ಬೇಡುವವನಿಗೆ ತಡೆ ಹಾಕುವ ಕಟ್ಟಳೆಯು ಇಲ್ಲದವನಿಗೆ ರಕ್ಷಣೆಯೂ ಆಗಲು ಹತ್ತು ವರ್ಷ ಹಿಡಿಯಿತು.

ಆ ಕಡತದ ತಲೆಬರಹ ಈಗ ಬೆಳೆದಿದೆ. 2009ರ ನೋಕಿಯಾ, 2012ರ ಪ್ಯಾರಲಲ್ಸ್, 2015ರ ರೆಡ್ ಹ್ಯಾಟ್, ಹೀಗೆ ಒಂದರ ಕೆಳಗೊಂದು ಹೆಸರುಗಳು ಕೂಡಿಕೊಂಡಿವೆ. ಮೇಲಿನ ಸಾಲು ಮಾತ್ರ ಬೆಂಗಳೂರಿನದಾಗಿಯೇ ಇದೆ.