ಓಕೆ, ಹಾಟ್ ಡಾಗ್, ಬಿಗ್ ಆ್ಯಪಲ್: ಈ ಪದಗಳನ್ನ ಹುಟ್ಟಿಸಿದ್ದು ಯಾರು?

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲಿಂದ ನೋಡ್ತಿದ್ರೂ ಸರಿ, ಇವತ್ತು ಬೆಳಿಗ್ಗೆಯಿಂದ ನೀವು 'ಓಕೆ' ಅಂತ ಎಷ್ಟು ಸಲ ಹೇಳಿದ್ದೀರಿ? ಸ್ಟ್ಯಾಂಡ್‌ಅಪ್ ಕಾಲ್‌ನಲ್ಲಿ ಓಕೆ, ಮನೆ ಓನರ್‌ಗೆ ಓಕೆ, ಊರಿಂದ ಅಮ್ಮ ಫೋನ್ ಮಾಡಿದ್ರೆ ಅಲ್ಲೂ 'ಓಕೆ ಅಮ್ಮ, ಇಡ್ತೀನಿ'. ನಾವು ಕೋಡ್ ಬರೆದಿಟ್ಟ ಸರ್ವರ್ ಕೂಡ ಎಲ್ಲ ಸರಿಯಿದ್ರೆ '200 ಓಕೆ' ಅಂತಲೇ ಉತ್ತರ ಕೊಡುತ್ತೆ. ಈ ಎರಡಕ್ಷರ ಬಂದಿದ್ದೆಲ್ಲಿಂದ?

ವಾಟ್ಸ್ಆ್ಯಪ್‌ನಲ್ಲಿ ಒಂದು ಉತ್ತರ ಓಡಾಡ್ತಿರುತ್ತೆ. ಅಮೆರಿಕದ ಅಂತರ್ಯುದ್ಧದಲ್ಲಿ ಒಬ್ಬ ಸೈನಿಕನೂ ಸಾಯದ ದಿನ 'ಝೀರೋ ಕಿಲ್ಡ್' ಅಂತ ಬರೀತಿದ್ರಂತೆ, ಅದೇ ಓಕೆ ಆಯ್ತಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಆ ಯುದ್ಧ ಶುರುವಾಗಿದ್ದು 1861ರಲ್ಲಿ. ಓಕೆ ಅಚ್ಚಾಗಿದ್ದು 1839ರ ಮಾರ್ಚ್ 23ರಂದು, 'ಬಾಸ್ಟನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ. ಮಗ ಹುಟ್ಟಿ 22 ವರ್ಷ ಆದ ಮೇಲೆ ಅಪ್ಪ ಹುಟ್ಟಿದ ಹಾಗಾಯ್ತು ಈ ಕಥೆ.

ನಿಜ ಕಥೆ ಇನ್ನೂ ತಮಾಷೆಯಾಗಿದೆ. ಆಗ ಬಾಸ್ಟನ್ನಿನ ಪತ್ರಿಕೆಯವರಿಗೆ ಎಲ್ಲವನ್ನೂ ಮೊದಲಕ್ಷರಕ್ಕೆ ಇಳಿಸಿ ಬರೆಯೋ ಹುಚ್ಚು ಹಿಡಿದಿತ್ತು. ಅದರಲ್ಲೂ ಬೇಕಂತಲೇ ಸ್ಪೆಲಿಂಗ್ ಕೆಡಿಸೋದು. 'ಆಲ್ ರೈಟ್' ಅನ್ನೋದನ್ನ ಓ ಡಬ್ಲ್ಯು ಅಂತ ಬರೆದ್ರು. 'ಆಲ್ ಕರೆಕ್ಟ್'ನಲ್ಲಿ ಎ ಬದಲು ಓ, ಸಿ ಬದಲು ಕೆ ಹಾಕಿದ್ರು. 'ಎಲ್ಲ ಸರಿ' ಅನ್ನೋ ಮಾತಿನ ಎರಡು ಮೊದಲಕ್ಷರವೂ ತಪ್ಪು, ಜೋಕ್ ಇರೋದೇ ಅಲ್ಲಿ. ನಾವು ಚಾಟ್‌ನಲ್ಲಿ ಬರೆಯೋ ತುಂಡು ಇಂಗ್ಲಿಷ್ ಹೊಸದೇನಲ್ಲ ಬಿಡಿ.

ಜೊತೆಗೆ ಹುಟ್ಟಿದ ಅಕ್ಷರಗಳೆಲ್ಲ ಸತ್ತವು, ಓಕೆ ಮಾತ್ರ ಉಳೀತು. ಕಾರಣ 1840ರ ಚುನಾವಣೆ. ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. 'ಓಲ್ಡ್ ಕಿಂಡರ್‌ಹುಕ್' ಅನ್ನೋ ಅಡ್ಡಹೆಸರಿನ ಮೇಲೆ ಬೆಂಬಲಿಗರು 'ಓಕೆ ಕ್ಲಬ್' ಕಟ್ಟಿದ್ರು. ವಿರೋಧಿಗಳು ಸುಮ್ನಿರ್ತಾರಾ? ವಾನ್ ಬ್ಯೂರೆನ್‌ರ ಗುರು ಆ್ಯಂಡ್ರೂ ಜಾಕ್ಸನ್‌ಗೆ ಸ್ಪೆಲಿಂಗೇ ಬರಲ್ಲ, ಕಡತಗಳ ಮೇಲೆ ಹೀಗೇ ತಪ್ಪು ಬರೀತಿದ್ರು ಅಂತ ಪುಕಾರು ಎಬ್ಬಿಸಿದ್ರು. ವಾನ್ ಬ್ಯೂರೆನ್ ಸೋತರು, ಪದ ಗೆದ್ದಿತು. ಆಮೇಲೆ ಟೆಲಿಗ್ರಾಫ್ ಆಪರೇಟರ್‌ಗಳು 'ಸಂದೇಶ ತಲುಪಿತು' ಅನ್ನೋಕೆ ಇದನ್ನೇ ಬಳಸಿದ್ರು. ಸರ್ವರ್‌ನ 200 ಓಕೆ ಮಾಡೋದೂ ಹೆಚ್ಚುಕಮ್ಮಿ ಅದೇ ಕೆಲಸ.

ಇದನ್ನೆಲ್ಲ ಬಿಡಿಸಿ ಹೇಳಿದ್ದು ಅಲೆನ್ ವಾಕರ್ ರೀಡ್ ಅನ್ನೋ ವಿದ್ವಾಂಸ. ಹಳೇ ಪತ್ರಿಕೆಗಳನ್ನ ಕೈಯಾರೆ ತಿರುವಿ ಹಾಕಿ, 1963-64ರಲ್ಲಿ ಸಾಲು ಲೇಖನ ಬರೆದ್ರು. ಅದಕ್ಕೂ ಮುಂಚೆ ದೊಡ್ಡ ದೊಡ್ಡವರೇ ಬೇರೆ ಕಥೆ ನಂಬಿದ್ರು. ಇದು ಚಾಕ್ಟಾ ಮೂಲನಿವಾಸಿಗಳ ಭಾಷೆಯ ಪದ ಅಂತ ನಂಬಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್, ಇದನ್ನ ಓ ಕೆ ಇ ಎಚ್ ಅಂತ ನಾಲ್ಕು ಅಕ್ಷರದಲ್ಲಿ ಬರೀತಿದ್ರು.

ಈಗ ತಿಂಡಿಗೆ ಬರೋಣ. ಹ್ಯಾಂಬರ್ಗರ್‌ನಲ್ಲಿ 'ಹ್ಯಾಮ್' ಅಂದ್ರೆ ಹಂದಿಮಾಂಸ ಅಲ್ಲ. ಅದು ಜರ್ಮನಿಯ ಹ್ಯಾಂಬರ್ಗ್ ಬಂದರಿನ ಹೆಸರು. ಜನ ಕಿವಿಗೆ ಬಿದ್ದಂತೆ ಹ್ಯಾಮ್ ಬೇರೆ, ಬರ್ಗರ್ ಬೇರೆ ಅಂತ ಒಡೆದ್ರು. ಆ ತಪ್ಪು ಒಡೆತದಿಂದಲೇ ಚೀಸ್‌ಬರ್ಗರ್ ಬಂತು, ನಮ್ಮ ಫುಡ್ ಕೋರ್ಟ್‌ನ ವೆಜ್ ಬರ್ಗರ್ ಕೂಡ.

ಹಾಟ್ ಡಾಗ್ ಬಗ್ಗೆ ಹೇಳೋ ಕಥೆ ಹೀಗಿದೆ: 1900ರ ದಶಕದಲ್ಲಿ ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಸಾಸೇಜ್ ಮಾರೋದನ್ನ ನೋಡಿದ ವ್ಯಂಗ್ಯಚಿತ್ರಕಾರ ಟ್ಯಾಡ್ ಡಾರ್ಗನ್, 'ಡ್ಯಾಕ್ಸ್‌ಹುಂಡ್' ನಾಯಿಯ ಸ್ಪೆಲಿಂಗ್ ಬರದೆ 'ಹಾಟ್ ಡಾಗ್' ಅಂತ ಬರೆದ್ರಂತೆ. ಹುಡುಕಿದವರಿಗೆ ಆ ಚಿತ್ರ ಸಿಕ್ಕೇ ಇಲ್ಲ. 1895ರಲ್ಲೇ ಯೇಲ್ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಪದ ಇದೆ. ಸಾಸೇಜ್ ಒಳಗಿರೋದು ನಾಯಿ ಮಾಂಸವೇ ಇರ್ಬೇಕು ಅಂತ ಹುಡುಗರು ಮಾಡ್ತಿದ್ದ ಗೇಲಿ ಅದು. ಹಾಸ್ಟೆಲ್ ಮೆಸ್ ಊಟಕ್ಕೆ ಹೆಸರಿಟ್ಟವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಕೊನೇದು, ನ್ಯೂಯಾರ್ಕ್‌ನ 'ಬಿಗ್ ಆ್ಯಪಲ್'. ಈ ಹೆಸರನ್ನ 1920ರ ದಶಕದಲ್ಲಿ ಹಬ್ಬಿಸಿದ್ದು ಕುದುರೆ ರೇಸ್ ವರದಿಗಾರ ಜಾನ್ ಫಿಟ್ಜ್ ಜೆರಾಲ್ಡ್. ಇದರ ಜಾಡು ಹಿಡಿದ ಬ್ಯಾರಿ ಪಾಪಿಕ್ ಅವರ ಹೊಟ್ಟೆಪಾಡಿನ ಕೆಲಸ ನ್ಯೂಯಾರ್ಕ್‌ನಲ್ಲಿ ಪಾರ್ಕಿಂಗ್ ದಂಡದ ತಕರಾರು ಕೇಳೋ ನ್ಯಾಯಾಧೀಶರದ್ದಾಗಿತ್ತು. ಪದ ಹುಡುಕ್ತಿದ್ದಿದ್ದು ಡ್ಯೂಟಿ ಮುಗಿದ ಮೇಲೆ. ಜೆರಾಲ್ಡ್ 1924ರಲ್ಲಿ ತಮ್ಮ ಅಂಕಣದಲ್ಲೇ ಇದರ ಮೂಲ ಬರೆದಿದ್ರು. ನ್ಯೂ ಆರ್ಲಿಯನ್ಸ್‌ನ ಲಾಯದಲ್ಲಿ ಕುದುರೆ ನೋಡಿಕೊಳ್ಳೋ ಇಬ್ಬರು ಕಪ್ಪು ಕೆಲಸಗಾರರು ಮಾತಾಡ್ಕೊಳ್ತಿದ್ರು. ಇಲ್ಲಿಂದ ಮುಂದೆ ಎಲ್ಲಿಗೆ ಅಂತ ಒಬ್ಬ ಕೇಳಿದ, ದೊಡ್ಡ ಸೇಬಿಗೆ ಅಂತ ಇನ್ನೊಬ್ಬ ಹೇಳಿದ. ರೇಸ್ ಜಗತ್ತಿನಲ್ಲಿ ನ್ಯೂಯಾರ್ಕೇ ದೊಡ್ಡ ಕನಸು. ಕೆಲಸಕ್ಕೆ ಊರಿಂದೂರಿಗೆ ಹೋಗೋರ ಮಾತು ಅದು, ನಮಗೆ ಅರ್ಥ ಆಗುತ್ತೆ.

1997ರಲ್ಲಿ ಜೆರಾಲ್ಡ್ ಇದ್ದ ಬ್ರಾಡ್‌ವೇ ಮತ್ತು 54ನೇ ಬೀದಿಯ ಮೂಲೆಗೆ 'ಬಿಗ್ ಆ್ಯಪಲ್ ಕಾರ್ನರ್' ಅಂತ ಹೆಸರಿಟ್ರು. ಕೇಳಿಸ್ಕೊಂಡವನಿಗೆ ಬೋರ್ಡ್ ಸಿಕ್ತು. ಆತ ಪ್ರಾಮಾಣಿಕ, ನನ್ನ ಪದ ಅಂತ ಹೇಳ್ಕೊಳ್ಳಲಿಲ್ಲ. ಆದರೆ ಹೇಳಿದವರ ಹೆಸರನ್ನ ಬರೆದಿಡಲಿಲ್ಲ.

ಗಮನಿಸಿ, ಸುಳ್ಳು ಕಥೆಗಳಲ್ಲಿ ಯಾವಾಗಲೂ ಒಬ್ಬ ಹೀರೋ ಇರ್ತಾನೆ: ಒಬ್ಬ ಜನರಲ್, ಒಬ್ಬ ಅಧ್ಯಕ್ಷ, ಒಬ್ಬ ಕಲಾವಿದ. ನಿಜವಾದ ಪದಗಳು ಹುಟ್ಟಿದ್ದು ಲಾಯದಲ್ಲಿ, ಹಾಸ್ಟೆಲ್‌ನಲ್ಲಿ, ಪತ್ರಿಕಾ ಕಚೇರಿಯ ಹರಟೆಯಲ್ಲಿ. ಹಾಗಾಗಿ ಮುಂದಿನ ಸಲ 'ಈ ಪದದ ಫುಲ್ ಫಾರ್ಮ್ ಗೊತ್ತಾ' ಅನ್ನೋ ಫಾರ್ವರ್ಡ್ ಬಂದ್ರೆ ಒಂದೇ ಪ್ರಶ್ನೆ ಕೇಳಿ: ಮೊದಲು ಅಚ್ಚಾಗಿದ್ದು ಯಾವ ವರ್ಷ? ಅರ್ಧ ಕಥೆಗಳು ಅಲ್ಲೇ ಬಿದ್ದುಹೋಗ್ತವೆ.

ನಿಮ್ಮ ಆಫೀಸಲ್ಲಿ, ಪಿಜಿಯಲ್ಲಿ ಹುಟ್ಟಿದ ಪದ ಯಾವುದಾದ್ರೂ ಇದ್ರೆ ಬರೆದು ತಿಳಿಸಿ. ಮೊದಲು ಹೇಳಿದವರ ಹೆಸರನ್ನೂ ಜೊತೆಗೆ ಬರೀರಿ.